ಟ್ರಾಕ್ಟರಿನ ಹುಲ್ಲು ಕೊಯ್ಯುವ ಪಟ್ಟಿಯನ್ನು ನಡೆಸುವ ಬಗೆ



ಎರಡು ಹಸು ಕಟ್ಟಿದವರಿಗೆ ಒಂದು ಕುಡುಗೋಲು ಸಾಕು. ಹತ್ತಿಪ್ಪತ್ತು ಹಸುಗಳಿಗೆ ದಿನವೂ ಹಸಿರು ಮೇವು ಹೊಂದಿಸಬೇಕಾದವರಿಗೆ ಕುಡುಗೋಲು ಸಾಲದು. ಕೊಯ್ಯಲು ಆಳುಗಳೂ ಸಿಕ್ಕುವುದಿಲ್ಲ. ಆಗ ಟ್ರಾಕ್ಟರಿಗೆ ಕಟ್ಟುವ ಕೊಯ್ಯುವ ಪಟ್ಟಿ ನೆರವಿಗೆ ಬರುತ್ತದೆ. ಕುದುರೆ ಮೆಂತೆ ಎನ್ನುವ ಲೂಸರ್ನ್, ರೋಡ್ಸ್ ಹುಲ್ಲು, ಎಳೆಯ ಮೇವಿನ ಜೋಳ ಇವುಗಳಿಗೆ ಇದು ಹೇಳಿ ಮಾಡಿಸಿದ್ದು. ಬಲಿತ ನೇಪಿಯರ್ ಹುಲ್ಲಿನ ಗಟ್ಟಿ ಬುಡಗಳ ಮೇಲೆ ಇದನ್ನು ಹರಿಸಬೇಡಿ, ಅಲಗು ಮುರಿಯುತ್ತದೆ.

ಪಟ್ಟಿ ಸಾಮಾನ್ಯವಾಗಿ 1.5 ಮೀಟರ್ ಉದ್ದವಿದ್ದು, ಟ್ರಾಕ್ಟರಿನ ಬಲಗಡೆಗೆ ಚಾಚಿಕೊಂಡಿರುತ್ತದೆ. ಅದರ ಮುಂಭಾಗದಲ್ಲಿ ಚೂಪಾದ ಕಬ್ಬಿಣದ ಬೆರಳುಗಳ ಸಾಲು. ಆ ಬೆರಳುಗಳ ನಡುವೆ ತ್ರಿಕೋನಾಕಾರದ ಅಲಗುಗಳನ್ನು ಜೋಡಿಸಿದ ಕತ್ತಿ ನಿಮಿಷಕ್ಕೆ ನೂರಾರು ಸಲ ಅತ್ತಿತ್ತ ಓಡಾಡುತ್ತದೆ. ಬೆರಳಿಗೆ ಕೂರಿಸಿದ ತಳದ ಅಲಗು ಅಲ್ಲಾಡುವುದಿಲ್ಲ. ಕತ್ತಿ ಅದರ ಮೇಲೆ ಸವರಿಕೊಂಡು ಹೋಗುತ್ತದೆ. ಅಂದರೆ ಇದು ಕುಡುಗೋಲಿನ ಕೆಲಸವಲ್ಲ, ಕತ್ತರಿಯ ಕೆಲಸ. ದರ್ಜಿಯ ಕತ್ತರಿಯ ತಿರುಗಣೆ ಸಡಿಲವಾದರೆ ಎಷ್ಟೇ ಹರಿತವಿದ್ದರೂ ಬಟ್ಟೆ ಕತ್ತರಿಸದೆ ಮಡಿಚಿಕೊಳ್ಳುವುದನ್ನು ನೀವು ಕಂಡಿರಬಹುದು. ಇಲ್ಲಿಯೂ ಹಾಗೆಯೇ. ಕತ್ತಿಗೂ ತಳದ ಅಲಗಿಗೂ ನಡುವೆ ಸಂದು ಬಿದ್ದರೆ ಮೇವು ಅದರೊಳಗೆ ಮಡಿಚಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ಮೇವನ್ನು ಬಿಡಿಸಲು ಮನುಷ್ಯ ಕೆಳಗಿಳಿದು ಕೈ ಹಾಕುತ್ತಾನೆ. ಬೆರಳು ಹೋಗುವ ಹೊತ್ತು ಅದೇ. ಆದ್ದರಿಂದ ಕತ್ತಿಯನ್ನು ಸರಿಯಾಗಿ ಕೂರಿಸುವುದು ಕೇವಲ ಚೆನ್ನಾಗಿ ಕೊಯ್ಯುವುದಕ್ಕಲ್ಲ, ಕೈ ಉಳಿಸಿಕೊಳ್ಳುವುದಕ್ಕೂ ಬೇಕು.

ಹೊಲಕ್ಕೆ ಹೊರಡುವ ಮುಂಚೆ, ಎಂಜಿನ್ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡು, ಮೂರು ವಿಷಯ ನೋಡತಕ್ಕದ್ದು. ಮೊದಲನೆಯದು ಅಲಗಿನ ಹರಿತ. ಮಸೆಯುವಾಗ ಮೊದಲಿದ್ದ ಓರೆಯನ್ನೇ ಉಳಿಸಿ. ಸಾಣೆಚಕ್ರಕ್ಕೆ ಬಹಳ ಹೊತ್ತು ಒತ್ತಿ ಹಿಡಿದರೆ ಉಕ್ಕು ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಮುರಿದ ಅಲಗಿದ್ದರೆ ರಿವೆಟ್ ತೆಗೆದು ಹೊಸದನ್ನು ಹಾಕಿ. ಎರಡನೆಯದು, ಕತ್ತಿಯನ್ನು ಮೇಲಿನಿಂದ ಅದುಮಿ ಹಿಡಿಯುವ ಹಿಡಿಕೆಗಳು. ಅವು ಕತ್ತಿಯನ್ನು ತಳದ ಅಲಗಿಗೆ ತಾಗಿಸಿ ಇಡಬೇಕು, ಆದರೆ ಬಿಗಿಹಿಡಿಯಕೂಡದು. ಮೂರನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಕತ್ತಿ ಒಂದು ತುದಿಗೆ ಹೋಗಿ ನಿಂತಾಗ ಪ್ರತಿ ಅಲಗಿನ ನಡುಗೆರೆ ಒಂದು ಬೆರಳಿನ ನಡುಗೆರೆಗೆ ಸರಿಯಾಗಿ ಕೂರಬೇಕು. ಇನ್ನೊಂದು ತುದಿಯಲ್ಲಿಯೂ ಹಾಗೆಯೇ. ಹೀಗಿಲ್ಲದಿದ್ದರೆ ಒಂದು ಕಡೆಗೆ ಓಡುವಾಗ ಪೂರ್ತಿ ಕೊಯ್ದು, ಹಿಂದಿರುಗುವಾಗ ಅರೆಬರೆ ಕೊಯ್ಯುತ್ತದೆ. ಕೂಳೆ ಹಲ್ಲುಹಲ್ಲಾಗಿ ನಿಂತಿದ್ದರೆ ಇದೇ ಕಾರಣವಿರಬಹುದೆಂದು ಮೊದಲು ಸಂಶಯಪಡಿ. ಸರಿಪಡಿಸುವ ತಿರುಪು ಎಲ್ಲಿದೆ ಎಂಬುದು ಯಂತ್ರದ ಕೈಪಿಡಿಯಲ್ಲಿರುತ್ತದೆ.

ಈ ಪರೀಕ್ಷೆಗೆ ಚಕ್ರವನ್ನು ಕೈಯಿಂದ ತಿರುಗಿಸಬೇಕಾಗುತ್ತದೆ. ಒಬ್ಬ ಚಕ್ರ ತಿರುಗಿಸುತ್ತಿರುವಾಗ ಮತ್ತೊಬ್ಬ ಬೆರಳುಗಳ ನಡುವೆ ಕೈ ಇಟ್ಟು ನೋಡಕೂಡದು. ಎಂಜಿನ್ ನಿಂತಿದ್ದರೂ ಕತ್ತಿ ಕತ್ತಿಯೇ. ಒಂದು ತುದಿ ಎಳೆದರೆ ಪಟ್ಟಿಯ ಉದ್ದಕ್ಕೂ ಎಲ್ಲ ಅಲಗುಗಳೂ ಒಟ್ಟಿಗೆ ಸರಿಯುತ್ತವೆ.

ಹೊಲವನ್ನು ಒಂದು ಸುತ್ತು ನಡೆದು ನೋಡಿ. ಕಲ್ಲು, ತಂತಿ, ಗೂಟ, ನೀರಿನ ಕೊಳವೆ ಇದ್ದರೆ ತೆಗೆಯಿರಿ. ಕೌಜುಗದ ಗೂಡಿದ್ದರೆ ಒಂದು ಕಡ್ಡಿ ನೆಟ್ಟು ಅಷ್ಟು ಜಾಗ ಬಿಟ್ಟು ಕೊಯ್ದರೆ ಮೇವಿಗೇನೂ ನಷ್ಟವಿಲ್ಲ. ಮಕ್ಕಳನ್ನೂ ನಾಯಿಯನ್ನೂ ಹೊಲದಿಂದಾಚೆ ಕಳುಹಿಸಿ. ಎತ್ತರದ ಮೇವಿನಲ್ಲಿ ಕುಳಿತ ಮಗು ಚಾಲಕನಿಗೆ ಕಾಣುವುದಿಲ್ಲ. ಚಾಲಕನ ಪಕ್ಕದ ಮಡ್‌ಗಾರ್ಡಿನ ಮೇಲೆ ಯಾರೂ ಕೂರಕೂಡದು.

ಟ್ರಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಒಯ್ಯುವ ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ತುದಿಯೋ ಹೆಗಲ ಟವೆಲ್ಲೋ ಸೆರಗೋ ಅದಕ್ಕೆ ಸಿಕ್ಕಿದರೆ, ‘ಅಯ್ಯೋ’ ಎನ್ನುವಷ್ಟರಲ್ಲಿ ಒಂದೆರಡು ಮೀಟರ್ ಬಟ್ಟೆ ಸುತ್ತಿಕೊಂಡಿರುತ್ತದೆ. ದಂಡದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಡ್ಡಿಯೆಂದು ಬಿಚ್ಚಿ ಎಸೆಯುವವರಿದ್ದಾರೆ. ಅದು ಅಡ್ಡಿಯಲ್ಲ, ನಿಮ್ಮ ಪ್ರಾಣದ ಕಾವಲು.

ಮೇವಿನೊಳಕ್ಕೆ ನುಗ್ಗುವ ಮುಂಚೆಯೇ ಕತ್ತಿ ಪೂರ್ಣ ವೇಗಕ್ಕೆ ಬಂದಿರಬೇಕು. ಮೇವು ದಟ್ಟವಾಗಿದ್ದರೆ ಕೆಳಗಿನ ಗೇರು ಹಾಕಿ; ಥ್ರಾಟಲ್ ಇಳಿಸಬೇಡಿ. ಥ್ರಾಟಲ್ ಇಳಿಸಿದರೆ ಟ್ರಾಕ್ಟರಿನೊಡನೆ ಕತ್ತಿಯೂ ನಿಧಾನವಾಗಿ, ಸಿಕ್ಕು ಇನ್ನಷ್ಟು ಹೆಚ್ಚುತ್ತದೆ. ಲೂಸರ್ನನ್ನು ನೆಲದಿಂದ 7-8 ಸೆಂ.ಮೀ. ಬಿಟ್ಟು ಕೊಯ್ಯಿರಿ. ತೀರ ನೆಲ ಸವರಿದರೆ ಅಲಗು ಮಣ್ಣು ತಿಂದು ಮೊಂಡಾಗುತ್ತದೆ, ಚಿಗುರೂ ಹಿಂದೆ ಬೀಳುತ್ತದೆ. ಇಬ್ಬನಿ ಆರಿದ ಮೇಲೆ ಕೊಯ್ದರೆ ಸಿಕ್ಕು ಕಡಿಮೆ. ಒದ್ದೆ ಲೂಸರ್ನ್ ಹೊಟ್ಟೆತುಂಬ ತಿಂದ ಹಸು ಹೊಟ್ಟೆಯುಬ್ಬರದಿಂದ ನರಳುವುದೂ ಉಂಟಷ್ಟೆ.

ಇಷ್ಟಾದರೂ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಆಗ ಇಳಿಯಬೇಡಿ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಕತ್ತಿ ಓಡುತ್ತಿರುವಂತೆಯೇ ಟ್ರಾಕ್ಟರನ್ನು ಎರಡು ಮೂರು ಅಡಿ ಹಿಂದಕ್ಕೆ ತನ್ನಿ. ಎಷ್ಟೋ ಸಲ ಅಷ್ಟರಿಂದಲೇ ಬಿಡುತ್ತದೆ. ಬಿಡದಿದ್ದರೆ ಯಂತ್ರಕ್ಕೆ ಹೋಗುವ ಶಕ್ತಿ ಕಡಿದು, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದುಕೊಂಡು, ಎಲ್ಲವೂ ಸ್ತಬ್ಧವಾದ ಮೇಲೆ ಇಳಿಯಿರಿ. ಪಟ್ಟಿಯ ಹಿಂಬದಿಯಲ್ಲಿ ನಿಂತು ಒಂದು ಮೊಳದುದ್ದದ ಕೋಲಿನಿಂದ ಬಿಡಿಸಿ. ಬಿಗಿದು ನಿಂತ ಬೆಲ್ಟಿನಲ್ಲಿ ಎಳೆತ ಉಳಿದಿರುತ್ತದೆ. ಸಿಕ್ಕು ಬಿಟ್ಟೊಡನೆ ಕತ್ತಿ ಥಟ್ಟನೆ ನೆಗೆಯಬಹುದು. ಆ ಕೋಲನ್ನು ಸೀಟಿನ ಪಕ್ಕದಲ್ಲಿ ಕಟ್ಟಿಟ್ಟುಕೊಳ್ಳಿ, ಇಲ್ಲದಿದ್ದರೆ ಆ ಹೊತ್ತಿಗೆ ಕೈಯೇ ಕೋಲಾಗುತ್ತದೆ.

ಕಲ್ಲಿಗೆ ಬಡಿದರೆ ಪಟ್ಟಿ ತಾನೇ ಕೊಂಡಿ ಕಳಚಿ ಹಿಂದಕ್ಕೆ ವಾಲುವ ಏರ್ಪಾಡು ಹಲವು ಯಂತ್ರಗಳಲ್ಲಿದೆ. ಪದೇ ಪದೇ ಕಳಚುತ್ತದೆಂದು ಅದನ್ನು ತಂತಿಯಿಂದ ಬಿಗಿಯಬೇಡಿ. ಬಿಗಿದರೆ ಮುಂದಿನ ಕಲ್ಲಿಗೆ ಪಟ್ಟಿಯೇ ಬಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಬೆರಳು ತುಂಡಾದರೆ, ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಭಾಗವನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಡಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಕೂಡದು. 108ಕ್ಕೆ ಕರೆ ಮಾಡಿ. ಅರಿಸಿನ, ಕಾಫಿಪುಡಿ ಮೆತ್ತಬೇಡಿ.

ಕೆಲಸ ಮುಗಿದ ಮೇಲೆ ಪಟ್ಟಿಯನ್ನು ನೆಟ್ಟಗೆ ಎತ್ತಿ, ಅದರ ಕೊಂಡಿ ಹಾಕಿ, ಸೀಳಿದ ಬಿದಿರನ್ನು ಅಲಗುಗಳ ಮೇಲೆ ಹೊದಿಸಿ ಹಗ್ಗದಿಂದ ಕಟ್ಟಿ. ಮನೆಗೆ ಹೊರಡುವಾಗ ದಾರಿಯಲ್ಲಿ ಜೋತುಬಿದ್ದ ವಿದ್ಯುತ್ ತಂತಿಯೇನಾದರೂ ಇದೆಯೇ ಎಂದು ತಲೆಯೆತ್ತಿ ನೋಡಿಕೊಂಡು ಬನ್ನಿ.