ಸೋರೆಕಾಯಿಯ ಸುಶಿ

ಜಪಾನ್ ದೇಶದ ಊಟವೆಂದೊಡನೆ ನಮ್ಮ ಕಡೆಯವರ ಕಣ್ಣಮುಂದೆ ಹಸಿಮೀನು ಬಂದು ನಿಲ್ಲುತ್ತದೆ. ಟೋಕಿಯೋ ನಗರಕ್ಕೆ ಹೊರಟ ನಮಗೆ ಬಂಧುಮಿತ್ರರಿಂದ ದೊರೆತ ಹಿತೋಪದೇಶವೂ ಬಹುಮಟ್ಟಿಗೆ ಅದನ್ನೇ ಕುರಿತದ್ದಾಗಿತ್ತು. ಆದಕಾರಣ ಕಾಸರಗೋಡಿನಿಂದ ಹೊರಡುವಾಗಲೇ ಅವಲಕ್ಕಿ, ಚಟ್ನಿಪುಡಿ, ಹಪ್ಪಳ, ಮಿಡಿ ಉಪ್ಪಿನಕಾಯಿಗಳ ಒಂದು ಪೆಟ್ಟಿಗೆಯನ್ನೇ ಕಟ್ಟಿಕೊಂಡಿದ್ದೆವು. ಜನ್ಮಾರಭ್ಯ ಸಸ್ಯಾಹಾರಿಗಳಾದ ನಮ್ಮ ಹಿರಿಯ ಅತ್ತೆಯವರು ಆ ಪೆಟ್ಟಿಗೆಯ ಮೇಲ್ವಿಚಾರಣೆಯನ್ನು ತಾವೇ ವಹಿಸಿಕೊಂಡಿದ್ದರು.

ತಲಪಿದ ಎರಡನೆಯ ದಿನವೇ ಅನರ್ಥವೊಂದು ನಡೆದುಹೋಯಿತು. ಒಂದು ಅಂಗಡಿಯಲ್ಲಿ ಮಾಂಸವಾಗಲಿ ಮೀನಾಗಲಿ ಇಲ್ಲವೆಂದು ಕೇಳಿ ತಿಳಿದುಕೊಂಡೇ ಗೋಧಿಯ ದಪ್ಪ ಶಾವಿಗೆಯನ್ನು ಸಾರಿನೊಡನೆ ಉಂಡೆವು. ರುಚಿಯಾಗಿಯೇ ಇತ್ತು. ರಾತ್ರಿ, ನಮ್ಮನ್ನು ಕರೆಸಿಕೊಂಡಿದ್ದ ಬಂಧುವಾದ ತರುಣನು ಅದನ್ನು ಕೇಳಿ ಪೆಚ್ಚಾದನು. ಅಲ್ಲಿನ ಸಾರುಗಳಿಗೆಲ್ಲ ಮೂಲವಾದ 'ದಾಶಿ' ಎಂಬ ತಿಳಿಗಷಾಯವನ್ನು ಸಾಮಾನ್ಯವಾಗಿ ಒಣಮೀನಿನ ಎಸಳುಗಳಿಂದ ಇಳಿಸುತ್ತಾರೆ. ಕತ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕೊರಡಿನಷ್ಟು ಗಟ್ಟಿಯಾಗುವಂತೆ ಒಣಗಿಸಿ, ತೆಳ್ಳಗೆ ಹೆರೆದ ಎಸಳುಗಳವು. (ನಮ್ಮ ಕರಾವಳಿಯಿಂದ ದೂರವಲ್ಲದ ಲಕ್ಷದ್ವೀಪಗಳಲ್ಲಿಯೂ ಅದೇ ಜಾತಿಯ ಮೀನನ್ನು ಬೇಯಿಸಿ ಹೊಗೆಗಿಟ್ಟು ಒಣಗಿಸಿ 'ಮಾಸ್' ಎಂಬುದನ್ನು ಮಾಡುತ್ತಾರೆ.) ಅಂಗಡಿಯವನು ಸುಳ್ಳು ಹೇಳಿದನೆನ್ನಲಾಗದು. ಬಟ್ಟಲಿನಲ್ಲಿ ಮೀನಿನ ತುಂಡಿರಲಿಲ್ಲ. ಅವನ ಲೆಕ್ಕದಲ್ಲಿ ಅಷ್ಟು ಸಾಕು. ಅತ್ತೆಯವರು ಯಾರನ್ನೂ ದೂರಲಿಲ್ಲ. ಆದರೆ ಮರುದಿನದಿಂದ ನಾಲ್ಕು ದಿನಗಳ ಕಾಲ ಅವಲಕ್ಕಿ ಮತ್ತು ಬಾಳೆಹಣ್ಣಿನ ಹೊರತು ಬೇರೇನನ್ನೂ ಮುಟ್ಟಲಿಲ್ಲ. ಅವರೆದುರು ಕುಳಿತು ಉಣ್ಣುವುದು ನಮಗೂ ಕಷ್ಟವಾಯಿತು.

ಐದನೆಯ ದಿನ ತರುಣನು ಸಸ್ಯಾಹಾರಿಗಳಿಗಾಗಿಯೇ ಇರುವ ಒಂದು ಸುಶಿ ಭೋಜನಶಾಲೆಯನ್ನು ಹುಡುಕಿ ತಂದನು. ನಿಶ್ಚಿತ ಹಣವನ್ನು ತೆತ್ತು ತೊಂಬತ್ತು ನಿಮಿಷಗಳವರೆಗೆ ಬೇಕಾದಷ್ಟು ಉಣ್ಣಬಹುದು. ಇದಕ್ಕೆ 'ತಾಬೆಹೋದಾಯ್' ಎಂದು ಹೆಸರು. ಈ ಪರಿಪಾಠಕ್ಕೆ ಟೋಕಿಯೋದ ಇಂಪೀರಿಯಲ್ ಹೋಟೆಲಿನವರು 1958ರಲ್ಲಿ ಪ್ರಾರಂಭಿಸಿದ ಭೋಜನಶಾಲೆಯೇ ಮಾದರಿ. ಆ ಕಾಲದ ಚಲನಚಿತ್ರವೊಂದರಿಂದ ಅದಕ್ಕೆ 'ವೈಕಿಂಗ್' ಎಂಬ ಹೆಸರು ಬಂದು, ಇಂದಿಗೂ ಜಪಾನೀಯರು ಇಂತಹ ಊಟವನ್ನು ಹಾಗೆಂದೂ ಕರೆಯುತ್ತಾರೆ. ಸುಶಿಯ ತಟ್ಟೆಗಳು ಸುತ್ತುಪಟ್ಟಿಯ ಮೇಲೆ ತಾವಾಗಿಯೇ ಸಾಗಿಬರುವ ಅಂಗಡಿಯು ಓಸಾಕದಲ್ಲಿ ಹುಟ್ಟಿದ್ದೂ ಅದೇ ವರ್ಷ.

'ಮೀನಿಲ್ಲದೆ ಸುಶಿ ಹೇಗಾದೀತು?' ಎಂದು ವಾಚಕರು ಕೇಳಬಹುದು. ನಾವೂ ಕೇಳಿದೆವು. ಸುಶಿ ಎಂಬ ಮಾತು ಮೀನನ್ನು ಹೇಳುವುದಲ್ಲ, ಹುಳಿಯನ್ನು ಹೇಳುವುದು. ಹಿಂದೆ ಮೀನನ್ನು ಉಪ್ಪು ಹಾಗೂ ಅನ್ನದ ನಡುವೆ ತಿಂಗಳುಗಟ್ಟಲೆ ಹುದುಗಿಸಿಟ್ಟು, ಅನ್ನವನ್ನು ಚೆಲ್ಲಿ ಮೀನನ್ನು ಮಾತ್ರ ತಿನ್ನುತ್ತಿದ್ದರು. ಬೀವಾ ಸರೋವರದ ತೀರದಲ್ಲಿ ಆ ಪದ್ಧತಿ ಈಗಲೂ ಉಳಿದಿದೆ. ಕಾಲಾನುಕ್ರಮದಲ್ಲಿ ಅನ್ನವನ್ನೂ ತಿನ್ನತೊಡಗಿದರು. ಹುದುಗಿನ ಹುಳಿಗೆ ಬದಲಾಗಿ ಶಿರ್ಕವು ಬಂದಿತು. ಮುಷ್ಟಿಯಲ್ಲಿ ಒತ್ತಿದ ಇಂದಿನ ಸುಶಿಯು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಎದೊ, ಎಂದರೆ ಇಂದಿನ ಟೋಕಿಯೋದಲ್ಲಿ ರೂಢಿಗೆ ಬಂದದ್ದು. ಹೀಗೆ ಅನ್ನವೇ ಪ್ರಧಾನವಾದ ಮೇಲೆ ಅದರ ಮೇಲೇನಿಟ್ಟರೂ ಸುಶಿಯೇ.

ಮೊದಲ ತಟ್ಟೆಯಲ್ಲಿ ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಸೌತೆಕಾಯಿಯ ಸುರುಳಿ ಬಂದಿತು. ಕಪ್ಪಾ ಎಂಬ ಜಲಪಿಶಾಚಿಗೆ ಸೌತೆಕಾಯಿ ಪ್ರಿಯವೆಂದು ಅದಕ್ಕೆ ಆ ಪಿಶಾಚಿಯ ಹೆಸರನ್ನೇ ಇಟ್ಟಿದ್ದಾರೆ. ಅನಂತರ ಹುರಿದ ಸೋಯಾ ಗಿಣ್ಣಿನ ಚೀಲದಲ್ಲಿ ಅನ್ನ ತುಂಬಿದ 'ಇನಾರಿ', ಸುಟ್ಟ ಬದನೆ, ಮೂಲಂಗಿಯ ಉಪ್ಪಿನಕಾಯಿ. ಕೊನೆಗೆ ಕಂದುಬಣ್ಣದ ಮೆತ್ತನೆಯ ಪಟ್ಟಿಗಳನ್ನಿಟ್ಟು ಸುತ್ತಿದ ಸುರುಳಿ. 'ಇದೇನು?' ಎಂದರು ಅತ್ತೆಯವರು. ಕಂಪ್ಯೊ, ಒಣಗಿಸಿದ ಸೋರೆಕಾಯಿ ಎಂದು ತರುಣನು ತಿಳಿಸಿದನು. 'ಸೋರೆಕಾಯಿ ಸರಿ. ಬೇಯಿಸಿದ್ದು ಯಾವ ನೀರಿನಲ್ಲಿ?'

ಆ ಪ್ರಶ್ನೆಯನ್ನು ಅಡುಗೆಯವರಿಗೆ ಮುಟ್ಟಿಸಲು ತರುಣನಿಗೆ ಸಂಕೋಚವಾಯಿತು. ಸಸ್ಯಾಹಾರವೆಂದು ಬಾಗಿಲಲ್ಲೇ ಬರೆದಿರುವಲ್ಲಿ ಮತ್ತೆ ಕೇಳುವುದು ಅವಿಶ್ವಾಸವಲ್ಲವೇ? ಆದರೂ ಕೇಳಿದನು. ನಡುವಯಸ್ಸಿನ ಅಡುಗೆಯವರು ಒಳಗೆ ಹೋಗಿ, ಚಿಕ್ಕ ತಟ್ಟೆಯಲ್ಲಿ ಒಂದು ತುಂಡು ಕೊಂಬು ಎಂಬ ಒಣ ಕಡಲಪಾಚಿಯನ್ನೂ ಎರಡು ಒಣ ಅಣಬೆಗಳನ್ನೂ ತಂದು, ಎರಡೂ ಕೈಗಳಿಂದ ಅತ್ತೆಯವರ ಮುಂದಿಟ್ಟು ತಲೆಬಾಗಿದರು. ಅತ್ತೆಯವರು ಒಂದೊಂದನ್ನೂ ಮೂಸಿ ನೋಡಿದರು. ಭಾಷೆ ಯಾರಿಗೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆಮೇಲೆ ಸೋರೆಕಾಯಿಯ ಸುರುಳಿಯನ್ನು ಬಾಯಿಗಿಟ್ಟರು. ಐದು ದಿನಗಳಲ್ಲಿ ಅವರು ಉಂಡ ಮೊದಲ ಅನ್ನವದು.

ಕೊಂಬು ಮತ್ತು ಅಣಬೆಯ ಈ ದಾಶಿಯು ಹೊಸತೇನಲ್ಲ. ಬೌದ್ಧ ವಿಹಾರಗಳ 'ಶೋಜಿನ್' ಪಾಕಕ್ಕೆ ಅದೇ ಆಧಾರ. ಶೋಜಿನ್ ಎಂಬುದು ನಮ್ಮ ಸಂಸ್ಕೃತದ 'ವೀರ್ಯ' ಶಬ್ದದ, ಎಂದರೆ ಸಾಧಕನ ಉತ್ಸಾಹದ, ಭಾಷಾಂತರ. ಆ ಪಾಕದಲ್ಲಿ ನೀರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧವೆಂದು ಕೇಳಿ ಅತ್ತೆಯವರ ಮುಖವರಳಿತು. ಕೊಂಬುವಿನ ರುಚಿಯ ಮೂಲವು ಗ್ಲುಟಮೇಟ್ ಎಂಬುದನ್ನು ಇಕೆದಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞರು 1908ರಲ್ಲಿ ಕಂಡುಹಿಡಿದರು. ಒಣ ಅಣಬೆಯು ಜೊತೆಗೂಡಿದರೆ ಆ ರುಚಿ ಇಮ್ಮಡಿಸುವುದನ್ನು ನಾಲಗೆಯೇ ಹೇಳುತ್ತದೆ.

ಇನ್ನು ನಮ್ಮ ಪಾಡು. ಬೇಕಾದಷ್ಟು ಎಂಬ ಮಾತಿಗೆ ಮರುಳಾಗಿ ಒಂದೇ ಸಲಕ್ಕೆ ಹನ್ನೆರಡು ತಟ್ಟೆಗಳನ್ನು ಹೇಳಿಬಿಟ್ಟಿದ್ದೆವು. ಬಿಟ್ಟ ತುಂಡುಗಳಿಗೆ ಪ್ರತ್ಯೇಕ ದಂಡ ತೆರಬೇಕೆಂಬ ನಿಯಮವು ಗೋಡೆಯ ಮೇಲಿತ್ತು. ಶಿರ್ಕದ ಅನ್ನವು ಹೊಟ್ಟೆಯಲ್ಲಿ ಕೂಡಲೇ ಭಾರವಾಗುತ್ತದೆ. ಅದರ ಸಿಹಿಯೂ ನಮಗೆ ತುಸು ಹೆಚ್ಚೆನಿಸಿತು. ಹುದುಗಿಸಿದ ಸೋಯಾಕಾಳಿನ 'ನತ್ತೊ' ಎಂಬುದರ ಅಂಟು ಮತ್ತು ವಾಸನೆಗಳೆದುರು ನಮ್ಮ ಪೌರುಷವೆಲ್ಲ ಇಳಿಯಿತು. ಎಲೆಯಲ್ಲಿ ಒಂದಗುಳು ಬಿಡದೆ ಉಣ್ಣಲು ಕಲಿಸಿದ ಅತ್ತೆಯವರು ನಗುತ್ತಾ ನೋಡುತ್ತಿದ್ದರು. ಆ ನಾಲ್ಕು ತುಂಡುಗಳನ್ನು ತರುಣನೇ ಮುಗಿಸಿ ನಮ್ಮ ಮಾನವನ್ನುಳಿಸಿದನು.

ಹೊರಡುವಾಗ ಅತ್ತೆಯವರು ಸೋರೆಕಾಯಿಯನ್ನು ಒಣಗಿಸುವ ಕ್ರಮವನ್ನು ಕೇಳಿಸಿಕೊಂಡರು. ತೋಚಿಗಿ ಎಂಬ ಪ್ರಾಂತದಲ್ಲಿ ಅದನ್ನು ಬೆಳೆಯುವವರು, ದುಂಡನೆಯ ಕಾಯಿಯ ತಿರುಳನ್ನು ಉದ್ದುದ್ದ ಪಟ್ಟಿಗಳಾಗಿ ಸುಲಿದು ಬೇಸಿಗೆಯ ಬಿಸಿಲಿಗೆ ನೇತುಹಾಕುತ್ತಾರಂತೆ. ಊರಿಗೆ ಬಂದ ಮೇಲೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಅವರು ಎರಡು ಸೋರೆಕಾಯಿಗಳನ್ನು ಹಾಗೆಯೇ ಸುಲಿದು ಹಗ್ಗದ ಮೇಲೆ ಹಾಕಿದರು. ಅಕಾಲದ ಮಳೆ ಬಂದು ಮೊದಲ ಸಲದ್ದು ಬೂಸಲು ಹಿಡಿಯಿತು. ಈಗ ಎರಡನೆಯ ಸಲದ್ದು ಫೆಬ್ರವರಿಯ ಬಿಸಿಲಿನಲ್ಲಿ ತೂಗಾಡುತ್ತಿದೆ. ಬೆಲ್ಲ ಹುಣಿಸೆಹುಳಿಗಳಲ್ಲಿ ಬೇಯಿಸಿ ನೋಡುವುದೆಂದು ಅವರ ಸಂಕಲ್ಪ.