ಕಾರಿನ ಸ್ಟಾರ್ಟಿಂಗ್ ವ್ಯವಸ್ಥೆಯ ವಿದ್ಯುತ್ ದೋಷಪತ್ತೆ

ಕಾರಿನ ಸ್ಟಾರ್ಟಿಂಗ್ ವ್ಯವಸ್ಥೆಯ ವಿದ್ಯುತ್ ದೋಷಪತ್ತೆ ಎಂದರೆ ಕೀಲಿ ತಿರುಗಿಸಿದಾಗ ಅಥವಾ ಸ್ಟಾರ್ಟ್ ಗುಂಡಿ ಒತ್ತಿದಾಗ ಎಂಜಿನ್ ಚಾಲೂ ಆಗದಿದ್ದಲ್ಲಿ, ಅದಕ್ಕೆ ಕಾರಣವಾದ ವಿದ್ಯುತ್ ದೋಷವನ್ನು ಲಕ್ಷಣಗಳಿಂದಲೂ ಅಳತೆಗಳಿಂದಲೂ ಕ್ರಮಬದ್ಧವಾಗಿ ಕಂಡುಹಿಡಿಯುವ ವಿಧಾನ. ಬ್ಯಾಟರಿ, ಕೇಬಲ್, ಸ್ವಿಚ್, ರಿಲೇ, ಸೊಲೆನಾಯ್ಡ್ ಮತ್ತು ಸ್ಟಾರ್ಟರ್ ಮೋಟರ್ ಇವುಗಳಲ್ಲಿ ಯಾವುದು ಕೆಟ್ಟರೂ ಹೊರನೋಟಕ್ಕೆ ಒಂದೇ ಬಗೆಯ ಲಕ್ಷಣ ಕಾಣಿಸಬಹುದು. ಆದ್ದರಿಂದ ಅಳತೆ ಮಾಡದೆ ಊಹೆಯಿಂದ ಬಿಡಿಭಾಗ ಬದಲಿಸಿದರೆ ಹಣ ವ್ಯರ್ಥವಾಗುವುದಲ್ಲದೆ ಮೂಲ ದೋಷವೂ ಹಾಗೆಯೇ ಉಳಿಯುತ್ತದೆ. ಸಡಿಲವಾದ ಒಂದು ಟರ್ಮಿನಲ್‌ನಿಂದಾಗಿ ಒಳ್ಳೆಯ ಬ್ಯಾಟರಿಯನ್ನೇ ಬದಲಿಸುವುದು ಇದಕ್ಕೆ ಸಾಮಾನ್ಯ ಉದಾಹರಣೆ.

ಇತಿಹಾಸ

ಆರಂಭದ ಮೋಟಾರು ಕಾರುಗಳ ಎಂಜಿನ್ನನ್ನು ಮುಂಭಾಗದಲ್ಲಿ ಕಬ್ಬಿಣದ ಹಿಡಿಕೆ ಹಾಕಿ ಕೈಯಿಂದ ತಿರುಗಿಸಿ ಚಾಲೂ ಮಾಡಲಾಗುತ್ತಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದಾಗ ಹಿಡಿಕೆ ಬಡಿದು ಕೈಮೂಳೆ ಮುರಿಯುವ ಅಪಾಯವಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಅದಕ್ಕೂ ಮೊದಲು ಕೆಟರಿಂಗ್ ಅವರು ಅಂಗಡಿಗಳ ನಗದು ಯಂತ್ರಕ್ಕೆ ವಿದ್ಯುತ್ ಮೋಟರ್ ಅಳವಡಿಸುವ ಕೆಲಸ ಮಾಡಿದ್ದರು. ಕೆಲವೇ ಕ್ಷಣ ಓಡಬೇಕಾದ ಮೋಟರಿನ ಮೇಲೆ ಅದರ ಸಾಮಾನ್ಯ ಸಾಮರ್ಥ್ಯಕ್ಕಿಂತ ಹೆಚ್ಚಿನ ಹೊರೆ ಹಾಕಬಹುದೆಂಬ ತತ್ತ್ವವೇ ಎರಡಕ್ಕೂ ಆಧಾರ. ಇಂದಿನ ಸ್ಟಾರ್ಟರ್ ಮೋಟರ್‌ಗಳೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ; ಅವುಗಳನ್ನು ದೀರ್ಘಕಾಲ ಸತತವಾಗಿ ತಿರುಗಿಸಬಾರದು ಎನ್ನುವುದಕ್ಕೆ ಕಾರಣವೂ ಇದೇ. 1950ರ ದಶಕದಲ್ಲಿ ಅಮೆರಿಕದ ಹೆಚ್ಚಿನ ಕಾರುಗಳು 6 ವೋಲ್ಟ್‌ನಿಂದ 12 ವೋಲ್ಟ್ ವ್ಯವಸ್ಥೆಗೆ ಬದಲಾದವು. ವೋಲ್ಟೇಜ್ ಇಮ್ಮಡಿಯಾದರೆ ಅಷ್ಟೇ ಶಕ್ತಿಗೆ ಅರ್ಧದಷ್ಟು ವಿದ್ಯುತ್ ಪ್ರವಾಹ ಸಾಕಾಗುತ್ತದೆ.

ವ್ಯವಸ್ಥೆಯ ರಚನೆ

ಸ್ಟಾರ್ಟಿಂಗ್ ವ್ಯವಸ್ಥೆಯಲ್ಲಿ ಎರಡು ವಿದ್ಯುನ್ಮಂಡಲಗಳಿವೆ.

ಪ್ರಧಾನ ಮಂಡಲ: ಬ್ಯಾಟರಿಯ ಧನ ಧ್ರುವದಿಂದ ದಪ್ಪ ಕೇಬಲ್ ಮೂಲಕ ಸೊಲೆನಾಯ್ಡ್‌ಗೆ, ಅಲ್ಲಿಂದ ಸ್ಟಾರ್ಟರ್ ಮೋಟರ್‌ಗೆ, ಎಂಜಿನ್ನಿನ ಲೋಹದ ಕವಚದ ಮೂಲಕ ಅರ್ಥ್ ಪಟ್ಟಿಗೆ ಮತ್ತು ಮರಳಿ ಋಣ ಧ್ರುವಕ್ಕೆ ಪ್ರವಾಹ ಹರಿಯುತ್ತದೆ. ಸಾಧಾರಣ ಪೆಟ್ರೋಲ್ ಕಾರಿನಲ್ಲಿ ಈ ಪ್ರವಾಹ ನೂರು ಆಂಪಿಯರ್‌ಗೂ ಹೆಚ್ಚಿರುತ್ತದೆ. ಡೀಸೆಲ್ ಎಂಜಿನ್ನಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ.

ನಿಯಂತ್ರಣ ಮಂಡಲ: ಇದರಲ್ಲಿ ಇಗ್ನಿಷನ್ ಸ್ವಿಚ್, ಫ್ಯೂಸ್, ರಿಲೇ ಹಾಗೂ ಸುರಕ್ಷತಾ ಸ್ವಿಚ್‌ಗಳು ಇರುತ್ತವೆ. ಕೀಲಿ ತಿರುಗಿಸಿದಾಗ ಇದರಲ್ಲಿ ಹರಿಯುವ ಅಲ್ಪ ಪ್ರವಾಹವು ಸೊಲೆನಾಯ್ಡ್‌ನ ಸುರುಳಿಯನ್ನು ವಿದ್ಯುತ್ಕಾಂತವಾಗಿ ಮಾಡುತ್ತದೆ.

ಸೊಲೆನಾಯ್ಡ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದಾಗಿ ಮೋಟರಿನ ಚಿಕ್ಕ ಹಲ್ಲುಗಾಲಿಯನ್ನು ಮುಂದಕ್ಕೆ ತಳ್ಳಿ ಎಂಜಿನ್ನಿನ ಫ್ಲೈವೀಲ್‌ನ ಹಲ್ಲುಗಳಿಗೆ ಸೇರಿಸುತ್ತದೆ. ಎರಡನೆಯದಾಗಿ ತಾಮ್ರದ ದಪ್ಪ ಸಂಪರ್ಕಗಳನ್ನು ಕೂಡಿಸಿ ಪ್ರಧಾನ ಪ್ರವಾಹವನ್ನು ಮೋಟರಿಗೆ ಹರಿಸುತ್ತದೆ. ಆಡುಮಾತಿನಲ್ಲಿ ಸ್ಟಾರ್ಟರ್ ಮೋಟರನ್ನು 'ಸೆಲ್ಫ್' ಎಂದೇ ಕರೆಯುತ್ತಾರೆ.

ಲಕ್ಷಣಗಳ ವಿಂಗಡಣೆ

ಎಂಜಿನ್ ತಿರುಗುತ್ತಿದೆಯೇ ಇಲ್ಲವೇ ಎಂಬುದು ದೋಷಪತ್ತೆಯ ಮೊದಲ ಪ್ರಶ್ನೆ. ತಿರುಗದಿದ್ದರೆ ದೋಷವು ಸಾಮಾನ್ಯವಾಗಿ ಸ್ಟಾರ್ಟಿಂಗ್ ವ್ಯವಸ್ಥೆಯಲ್ಲಿರುತ್ತದೆ. ಸಹಜ ವೇಗದಲ್ಲಿ ತಿರುಗಿಯೂ ಚಾಲೂ ಆಗದಿದ್ದರೆ ಬ್ಯಾಟರಿ ಮತ್ತು ಸ್ಟಾರ್ಟರ್ ಎರಡೂ ಸರಿಯಿವೆ ಎಂದು ಭಾವಿಸಿ, ದೋಷವನ್ನು ಇಂಧನ, ಕಿಡಿ ಅಥವಾ ಎಂಜಿನ್ ನಿಯಂತ್ರಣ ವ್ಯವಸ್ಥೆಯಲ್ಲಿ ಹುಡುಕಬೇಕಾಗುತ್ತದೆ. ಮುಖ್ಯ ಲಕ್ಷಣಗಳು ಹೀಗಿವೆ:

• ಯಾವ ಶಬ್ದವೂ ಇಲ್ಲ, ದೀಪಗಳೂ ಉರಿಯುವುದಿಲ್ಲ: ಬ್ಯಾಟರಿ ಪೂರ್ಣ ಬರಿದಾಗಿದೆ, ಟರ್ಮಿನಲ್ ಕಳಚಿದೆ ಅಥವಾ ಪ್ರಧಾನ ಫ್ಯೂಸ್ ಸುಟ್ಟಿದೆ.
• ದೀಪಗಳು ಪ್ರಕಾಶಮಾನವಾಗಿವೆ, ಆದರೆ ಶಬ್ದವಿಲ್ಲ: ದೋಷವು ಹೆಚ್ಚಾಗಿ ನಿಯಂತ್ರಣ ಮಂಡಲದಲ್ಲಿದೆ.
• ಒಂದೇ ಒಂದು 'ಟಕ್' ಶಬ್ದ: ಸೊಲೆನಾಯ್ಡ್ ಎಳೆದಿದೆ, ಮೋಟರ್ ತಿರುಗಿಲ್ಲ. ಸಂಪರ್ಕಗಳು ಸುಟ್ಟಿರಬಹುದು, ಮೋಟರಿನ ಬ್ರಷ್‌ಗಳು ಸವೆದಿರಬಹುದು ಅಥವಾ ಎಂಜಿನ್ನೇ ಬಿಗಿದುಕೊಂಡಿರಬಹುದು.
• ಒಂದೇ ಸಮನೆ 'ಟಕಟಕ' ಶಬ್ದ: ಬ್ಯಾಟರಿ ದುರ್ಬಲವಾಗಿದೆ ಅಥವಾ ಕೇಬಲ್ ಸಂಪರ್ಕ ಕೆಟ್ಟಿದೆ. ಸೊಲೆನಾಯ್ಡ್ ಎಳೆದು ಪ್ರಧಾನ ಪ್ರವಾಹ ಹರಿಯತೊಡಗಿದೊಡನೆ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಬಿಟ್ಟುಕೊಡುತ್ತದೆ. ಹೊರೆ ತಪ್ಪಿದಾಗ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಈ ಆವರ್ತನೆಯೇ ಶಬ್ದಕ್ಕೆ ಕಾರಣ.
• ಮೋಟರ್ ಮಾತ್ರ ವೇಗವಾಗಿ ಸುತ್ತುತ್ತದೆ, ಎಂಜಿನ್ ತಿರುಗುವುದಿಲ್ಲ: ಹಲ್ಲುಗಾಲಿ ಫ್ಲೈವೀಲ್‌ಗೆ ಕೂಡುತ್ತಿಲ್ಲ. ಇದು ಯಾಂತ್ರಿಕ ದೋಷ.

ಬ್ಯಾಟರಿಯ ಪರೀಕ್ಷೆ

ಕಾರಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ಪ್ರತಿಯೊಂದೂ ಸುಮಾರು 2.1 ವೋಲ್ಟ್ ನೀಡುತ್ತದೆ. ಮಲ್ಟಿಮೀಟರಿನಿಂದ ಅಳೆಯುವ ಮೊದಲು ಕಾರು ಕೆಲವು ಗಂಟೆ ನಿಂತಿರಬೇಕು. ಆಗತಾನೆ ಓಡಿಸಿ ನಿಲ್ಲಿಸಿದ ಕಾರಿನ ಬ್ಯಾಟರಿಯು ನಿಜಸ್ಥಿತಿಗಿಂತ ಹೆಚ್ಚಿನ ವೋಲ್ಟೇಜನ್ನು ತೋರಿಸುತ್ತದೆ. ವಿಶ್ರಾಂತ ಸ್ಥಿತಿಯ ಅಂದಾಜು ಮೌಲ್ಯಗಳು:

• 12.6 ವೋಲ್ಟ್ ಅಥವಾ ಹೆಚ್ಚು: ಪೂರ್ಣ ಚಾರ್ಜ್
• 12.4 ವೋಲ್ಟ್: ಸುಮಾರು 75%
• 12.2 ವೋಲ್ಟ್: ಸುಮಾರು 50%
• 12.0 ವೋಲ್ಟ್: ಸುಮಾರು 25%

ಈ ಅಳತೆ ಮಾತ್ರ ಸಾಲದು. ಒಳಗಿನ ಫಲಕಗಳು ಸವೆದ ಬ್ಯಾಟರಿಯು ಹೊರೆಯಿಲ್ಲದಾಗ 12.6 ವೋಲ್ಟ್ ತೋರಿಸಿ, ಸ್ಟಾರ್ಟರ್‌ನ ಹೊರೆ ಬಿದ್ದೊಡನೆ ಕುಸಿಯಬಹುದು. ಆದ್ದರಿಂದ ಎಂಜಿನ್ ತಿರುಗುತ್ತಿರುವಾಗಲೂ ಬ್ಯಾಟರಿಯ ಧ್ರುವಗಳ ನಡುವಿನ ವೋಲ್ಟೇಜನ್ನು ಅಳೆಯಲಾಗುತ್ತದೆ. ಸಾಮಾನ್ಯ ಹವೆಯಲ್ಲಿ ಅದು 9.6 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಪೂರ್ಣ ಚಾರ್ಜ್ ಆದ ಬ್ಯಾಟರಿಯೂ ಈ ಮಟ್ಟಕ್ಕಿಂತ ಇಳಿದರೆ ಬ್ಯಾಟರಿ ದುರ್ಬಲವಾಗಿದೆ ಅಥವಾ ಸ್ಟಾರ್ಟರ್ ಅತಿಯಾದ ಪ್ರವಾಹವನ್ನು ಎಳೆಯುತ್ತಿದೆ ಎಂದರ್ಥ. ಶೀತ ಪ್ರದೇಶಗಳಲ್ಲಿ ಬ್ಯಾಟರಿಯ ರಾಸಾಯನಿಕ ಕ್ರಿಯೆ ಮಂದವಾಗುವುದಲ್ಲದೆ ಎಂಜಿನ್ ಎಣ್ಣೆಯೂ ಗಟ್ಟಿಯಾಗುತ್ತದೆ. ಉಷ್ಣ ಪ್ರದೇಶಗಳಲ್ಲಿ ಶಾಖದಿಂದ ನೀರು ಆವಿಯಾಗಿ, ಫಲಕಗಳ ಸವೆತ ಹೆಚ್ಚಿ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ.

ವೋಲ್ಟೇಜ್ ಇಳಿತದ ಪರೀಕ್ಷೆ

ದೀಪಗಳು ಚೆನ್ನಾಗಿ ಉರಿದರೂ ಸ್ಟಾರ್ಟರ್ ತಿರುಗದಿರುವುದು ಅನೇಕರನ್ನು ಗೊಂದಲಕ್ಕೀಡುಮಾಡುತ್ತದೆ. ಇದಕ್ಕೆ ಓಮ್‌ನ ನಿಯಮದಲ್ಲಿ ಉತ್ತರವಿದೆ. ತುಕ್ಕು ಹಿಡಿದ ಟರ್ಮಿನಲ್‌ನಲ್ಲಿ 0.02 ಓಮ್‌ನಷ್ಟು ರೋಧವಿದೆ ಎಂದಿಟ್ಟುಕೊಂಡರೆ, ಎರಡು ಹೆಡ್‌ಲೈಟ್‌ಗಳ ಸುಮಾರು 9 ಆಂಪಿಯರ್ ಪ್ರವಾಹಕ್ಕೆ ಅಲ್ಲಿ ನಷ್ಟವಾಗುವುದು 0.18 ವೋಲ್ಟ್ ಮಾತ್ರ. ಬೆಳಕಿನಲ್ಲಿ ವ್ಯತ್ಯಾಸ ತಿಳಿಯದು. ಅದೇ ಜಾಗದಲ್ಲಿ ಸ್ಟಾರ್ಟರ್‌ನ 150 ಆಂಪಿಯರ್ ಹರಿಯಬೇಕಾದರೆ 3 ವೋಲ್ಟ್ ನಷ್ಟವಾಗುತ್ತದೆ. ಸಾಧಾರಣ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಇಷ್ಟು ಸೂಕ್ಷ್ಮ ರೋಧ ನಂಬಲರ್ಹವಾಗಿ ಕಾಣಿಸುವುದಿಲ್ಲ. ಆದ್ದರಿಂದ ಪ್ರವಾಹ ಹರಿಯುತ್ತಿರುವಾಗಲೇ ಪ್ರತಿಯೊಂದು ಭಾಗದ ಎರಡು ತುದಿಗಳ ನಡುವಿನ ವೋಲ್ಟೇಜ್ ಇಳಿತವನ್ನು ಅಳೆಯುವುದು ಸರಿಯಾದ ಕ್ರಮ.

ಪರೀಕ್ಷೆಗೆ ಮುನ್ನ ಇಂಧನ ಪಂಪಿನ ಫ್ಯೂಸ್ ತೆಗೆದು ಎಂಜಿನ್ ಚಾಲೂ ಆಗದಂತೆ ಮಾಡಲಾಗುತ್ತದೆ. ಗೇರು ನ್ಯೂಟ್ರಲ್‌ನಲ್ಲಿರಬೇಕು, ಕೈಬ್ರೇಕ್ ಎಳೆದಿರಬೇಕು. ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಅಳೆಯುತ್ತಾರೆ.

• ಬ್ಯಾಟರಿಯ ಧನ ಧ್ರುವ ಮತ್ತು ಸ್ಟಾರ್ಟರ್ ಮೋಟರಿನ ನಡುವೆ: ಇಳಿತ ಸುಮಾರು 0.5 ವೋಲ್ಟ್ ಮೀರಬಾರದು.
• ಎಂಜಿನ್ ಲೋಹ ಮತ್ತು ಬ್ಯಾಟರಿಯ ಋಣ ಧ್ರುವದ ನಡುವೆ: 0.2 ವೋಲ್ಟ್ ಮೀರಿದರೆ ಅರ್ಥ್ ಪಟ್ಟಿ ಅಥವಾ ಅದರ ಬೋಲ್ಟ್ ಕೆಟ್ಟಿದೆ.
• ಸೊಲೆನಾಯ್ಡ್‌ನ ಎರಡು ದೊಡ್ಡ ಟರ್ಮಿನಲ್‌ಗಳ ನಡುವೆ: ಸೊಲೆನಾಯ್ಡ್ ಎಳೆದ ಶಬ್ದ ಕೇಳಿದ ಮೇಲೂ 12 ವೋಲ್ಟ್ ಹಾಗೆಯೇ ಇದ್ದರೆ ಒಳಗಿನ ಸಂಪರ್ಕಗಳು ಕೂಡುತ್ತಿಲ್ಲ.

ಅಳೆಯುವಾಗ ಮೀಟರಿನ ಮೊನೆಯನ್ನು ಕ್ಲ್ಯಾಂಪಿಗೆ ಮುಟ್ಟಿಸದೆ ಬ್ಯಾಟರಿಯ ಧ್ರುವಕ್ಕೇ ಮುಟ್ಟಿಸಬೇಕು. ಇಲ್ಲವಾದರೆ ಧ್ರುವ ಮತ್ತು ಕ್ಲ್ಯಾಂಪಿನ ನಡುವಿನ ದೋಷವೇ ಲೆಕ್ಕಕ್ಕೆ ಬರುವುದಿಲ್ಲ. ಪ್ರವಾಹ ಹರಿಯದಿದ್ದರೆ ಇಳಿತವೂ ಇರುವುದಿಲ್ಲವಾದ್ದರಿಂದ, ಸ್ಟಾರ್ಟರ್ ತಿರುಗಲು ಯತ್ನಿಸದಿರುವಾಗ ಸಿಕ್ಕ ಸೊನ್ನೆಯು ಸಂಪರ್ಕ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಲ್ಲ.

ನಿಯಂತ್ರಣ ಮಂಡಲದ ಪರೀಕ್ಷೆ

ಕೀಲಿಯನ್ನು ಸ್ಟಾರ್ಟ್ ಸ್ಥಾನದಲ್ಲಿ ಹಿಡಿದಾಗ ಸೊಲೆನಾಯ್ಡ್‌ನ ಚಿಕ್ಕ ಟರ್ಮಿನಲ್‌ಗೆ ಬ್ಯಾಟರಿಯ ವೋಲ್ಟೇಜ್ ಬರುತ್ತಿದೆಯೇ ಎಂದು ನೋಡಲಾಗುತ್ತದೆ. ಬಂದರೂ ಸೊಲೆನಾಯ್ಡ್ ಎಳೆಯದಿದ್ದರೆ ಮತ್ತು ಅರ್ಥ್ ಸರಿಯಿದ್ದರೆ ದೋಷ ಸ್ಟಾರ್ಟರ್ ಜೋಡಣೆಯಲ್ಲಿದೆ. ಬಾರದಿದ್ದರೆ ರಿಲೇ, ಫ್ಯೂಸ್, ಇಗ್ನಿಷನ್ ಸ್ವಿಚ್ ಇವುಗಳನ್ನು ಒಂದೊಂದಾಗಿ ಹಿಂದಕ್ಕೆ ಪರೀಕ್ಷಿಸುತ್ತಾ ಹೋಗಬೇಕು. ಸ್ವಯಂಚಾಲಿತ ಗೇರಿನ ಕಾರುಗಳಲ್ಲಿ ಪಾರ್ಕ್ ಅಥವಾ ನ್ಯೂಟ್ರಲ್ ಸ್ಥಾನವನ್ನು ಗುರುತಿಸುವ ಸ್ವಿಚ್ ಇರುತ್ತದೆ. ನ್ಯೂಟ್ರಲ್‌ನಲ್ಲಿ ಚಾಲೂ ಆಗಿ ಪಾರ್ಕ್‌ನಲ್ಲಿ ಆಗದಿದ್ದರೆ ಈ ಸ್ವಿಚ್ಚಿನ ಮೇಲೆ ಅನುಮಾನಪಡಬೇಕು. ಕ್ಲಚ್ ಇರುವ ಅನೇಕ ಕಾರುಗಳಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಈ ಮಂಡಲ ಪೂರ್ಣಗೊಳ್ಳುತ್ತದೆ. ಬಹುದಿನ ನಿಲ್ಲಿಸಿದ ಕಾರುಗಳಲ್ಲಿ ಇಲಿಗಳು ತಂತಿ ಕಡಿದಿರುವ ಸಾಧ್ಯತೆಯನ್ನೂ ಪರಿಶೀಲಿಸಲಾಗುತ್ತದೆ.

ಎಂಜಿನ್ ತಿರುಗಿಯೂ ಚಾಲೂ ಆಗದಿರುವುದು

ಇಂಜೆಕ್ಷನ್ ವ್ಯವಸ್ಥೆಯ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಕೀಲಿಯನ್ನು 'ಆನ್' ಸ್ಥಾನಕ್ಕೆ ತಂದಾಗ ಇಂಧನ ಪಂಪು ಒಂದೆರಡು ಸೆಕೆಂಡು ಗುಂಯ್‌ಗುಡುತ್ತದೆ. ಆ ಶಬ್ದ ಕೇಳಿಸದಿದ್ದರೆ ಪಂಪಿನ ಫ್ಯೂಸ್ ಮತ್ತು ರಿಲೇಯನ್ನು ಪರೀಕ್ಷಿಸಬೇಕು. ಕ್ರ್ಯಾಂಕ್‌ಶಾಫ್ಟ್ ಸ್ಥಾನ ಸಂವೇದಕ ಕೆಟ್ಟರೆ ಕಿಡಿ ಯಾವಾಗ ಹಾರಬೇಕೆಂಬುದು ನಿಯಂತ್ರಣ ಗಣಕಕ್ಕೆ ತಿಳಿಯದೆ ಎಂಜಿನ್ ಚಾಲೂ ಆಗದಿರಬಹುದು. ಇಮೊಬಿಲೈಸರ್ ಎಂಬ ಕಳ್ಳತನ ನಿರೋಧಕ ವ್ಯವಸ್ಥೆಯು ಕೀಲಿಯೊಳಗಿನ ಚಿಪ್ಪನ್ನು ಗುರುತಿಸದಿದ್ದರೂ ಇದೇ ಪರಿಣಾಮ ಉಂಟಾಗುತ್ತದೆ. ಕೆಲವು ಕಾರುಗಳಲ್ಲಿ ಸ್ಟಾರ್ಟರ್ ಕೂಡ ತಿರುಗುವುದಿಲ್ಲ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ಇಂದು ಜಗತ್ತಿನ ಬಹುಭಾಗದಲ್ಲಿ ಬಳಕೆಯಲ್ಲಿದ್ದು, ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಬಹುದು. ಉದಾಹರಣೆಗೆ ಪಿ0335 ಎಂಬುದು ಕ್ರ್ಯಾಂಕ್‌ಶಾಫ್ಟ್ ಸಂವೇದಕದ ಮಂಡಲಕ್ಕೆ ಸಂಬಂಧಿಸಿದ ಸಂಕೇತ. ಸಂಕೇತವು ದೋಷವಿರುವ ಮಂಡಲವನ್ನು ಸೂಚಿಸುತ್ತದೆಯೇ ಹೊರತು ಸಂವೇದಕವೇ ಕೆಟ್ಟಿದೆ ಎಂದು ಹೇಳುವುದಿಲ್ಲ. ತಂತಿ ತುಂಡಾಗಿದ್ದರೂ ಅದೇ ಸಂಕೇತ ಬರಬಹುದು.

ಬ್ಯಾಟರಿ ಪದೇ ಪದೇ ಬರಿದಾಗುವುದು

ಚಾರ್ಜ್ ಮಾಡಿದ ಬ್ಯಾಟರಿ ಮತ್ತೆ ಬರಿದಾದರೆ ಎರಡು ಸಾಧ್ಯತೆಗಳನ್ನು ಪರಿಶೀಲಿಸಲಾಗುತ್ತದೆ. ಮೊದಲನೆಯದು ಆಲ್ಟರ್ನೇಟರ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಧ್ರುವಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಗಣಕವೇ ಚಾರ್ಜಿಂಗನ್ನು ನಿಯಂತ್ರಿಸುವುದರಿಂದ ಈ ಮೌಲ್ಯ ಬದಲಾಗುತ್ತಿರುತ್ತದೆ.

ಎರಡನೆಯದು ವಿದ್ಯುತ್ ಸೋರಿಕೆ, ಅಂದರೆ ಕಾರು ನಿಂತಿರುವಾಗಲೂ ಯಾವುದೋ ಉಪಕರಣ ಪ್ರವಾಹ ಎಳೆಯುತ್ತಿರುವುದು. ಗಡಿಯಾರ, ಅಲಾರಂ ಮುಂತಾದವುಗಳಿಗೆ ಬೇಕಾದ ಪ್ರವಾಹ ಸಾಮಾನ್ಯವಾಗಿ 50 ಮಿಲಿಆಂಪಿಯರ್‌ನೊಳಗಿರುತ್ತದೆ. ಸೋರಿಕೆ 0.5 ಆಂಪಿಯರ್ ಇದ್ದರೆ 60 ಆಂಪಿಯರ್-ಗಂಟೆಯ ಬ್ಯಾಟರಿ 120 ಗಂಟೆ, ಅಂದರೆ ಐದು ದಿನಗಳಲ್ಲಿ ಪೂರ್ತಿ ಬರಿದಾಗುತ್ತದೆ. ಸ್ಟಾರ್ಟರ್ ತಿರುಗಿಸುವ ಶಕ್ತಿ ಅದಕ್ಕೂ ಮೊದಲೇ ಕುಂದುತ್ತದೆ. ಋಣ ಕೇಬಲ್ ಬಿಚ್ಚಿ, ಅದಕ್ಕೂ ಧ್ರುವಕ್ಕೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಸರಣಿಯಾಗಿ ಜೋಡಿಸಿ, ಕಾರಿನ ಗಣಕಗಳು ನಿದ್ರಾಸ್ಥಿತಿಗೆ ಹೋಗುವವರೆಗೆ ಕಾದು ಓದಬೇಕು. ಬಳಿಕ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದಾಗ ಯಾವುದರಿಂದ ಪ್ರವಾಹ ಇಳಿಯುತ್ತದೆಯೋ ಆ ಮಂಡಲದಲ್ಲಿ ಸೋರಿಕೆಯಿದೆ. ಮೀಟರ್ ಜೋಡಿಸಿರುವಾಗ ಕಾರು ಸ್ಟಾರ್ಟ್ ಮಾಡಲು ಯತ್ನಿಸಿದರೆ ಮೀಟರಿನ ಫ್ಯೂಸ್ ಸುಡುತ್ತದೆ.

ಸುರಕ್ಷತೆ

ಚಾರ್ಜ್ ಆಗುವಾಗ ಸೀಸ-ಆಮ್ಲ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ. ಸಮೀಪದಲ್ಲಿ ಕಿಡಿ ಹಾರಿದರೆ ಬ್ಯಾಟರಿ ಸಿಡಿದು ಗಂಧಕಾಮ್ಲ ಎರಚಬಹುದು. ಕೇಬಲ್ ಬಿಚ್ಚುವಾಗ ಋಣ ಧ್ರುವವನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಕೊನೆಗೆ ಜೋಡಿಸಬೇಕು. ಋಣ ಕೇಬಲ್ ಇನ್ನೂ ಜೋಡಿಸಿರುವಾಗ ಧನ ಧ್ರುವದ ಮೇಲಿರುವ ಸ್ಪ್ಯಾನರ್ ಕಾರಿನ ಲೋಹಕ್ಕೆ ತಗುಲಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಇನ್ನೊಂದು ಕಾರಿನ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡುವಾಗ ಮೊದಲು ಕೆಂಪು ಕೇಬಲ್ಲನ್ನು ಬರಿದಾದ ಬ್ಯಾಟರಿಯ ಧನ ಧ್ರುವಕ್ಕೆ, ನಂತರ ಅದರ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಧನ ಧ್ರುವಕ್ಕೆ ಜೋಡಿಸಲಾಗುತ್ತದೆ. ಆಮೇಲೆ ಕಪ್ಪು ಕೇಬಲ್ಲನ್ನು ಒಳ್ಳೆಯ ಬ್ಯಾಟರಿಯ ಋಣ ಧ್ರುವಕ್ಕೂ, ಕೊನೆಯ ತುದಿಯನ್ನು ಕೆಟ್ಟು ನಿಂತ ಕಾರಿನಲ್ಲಿ ಬ್ಯಾಟರಿಯಿಂದ ದೂರದ ಎಂಜಿನ್ ಲೋಹಕ್ಕೂ ಜೋಡಿಸಬೇಕು. ಕಡೆಯ ಜೋಡಣೆಯಲ್ಲಿ ಹಾರುವ ಕಿಡಿ ಬ್ಯಾಟರಿಯ ಅನಿಲಕ್ಕೆ ತಾಗದಿರಲೆಂಬುದು ಇದರ ಉದ್ದೇಶ. ಬಿಚ್ಚುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕು.

ವಿದ್ಯುತ್ ಕಾರುಗಳಲ್ಲಿ

ಬ್ಯಾಟರಿ ಚಾಲಿತ ಕಾರುಗಳಲ್ಲಿ ಸ್ಟಾರ್ಟರ್ ಮೋಟರ್ ಇರುವುದಿಲ್ಲ. ಆದರೂ ಹೆಚ್ಚಿನವುಗಳಲ್ಲಿ ಪ್ರತ್ಯೇಕ 12 ವೋಲ್ಟ್ ಬ್ಯಾಟರಿಯಿದ್ದು, ಉನ್ನತ ವೋಲ್ಟೇಜಿನ ಪ್ರಧಾನ ಬ್ಯಾಟರಿಯನ್ನು ಜೋಡಿಸುವ ರಿಲೇಗಳಿಗೂ ನಿಯಂತ್ರಣ ಗಣಕಗಳಿಗೂ ಅದೇ ಶಕ್ತಿ ಒದಗಿಸುತ್ತದೆ. ಈ ಚಿಕ್ಕ ಬ್ಯಾಟರಿ ಬರಿದಾದರೆ ಪ್ರಧಾನ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. 12 ವೋಲ್ಟ್ ಬ್ಯಾಟರಿಗೆ ಮೇಲೆ ಹೇಳಿದ ಪರೀಕ್ಷೆಗಳೇ ಬಹುಮಟ್ಟಿಗೆ ಅನ್ವಯಿಸುತ್ತವೆ. ಕಿತ್ತಳೆ ಬಣ್ಣದ ಉನ್ನತ ವೋಲ್ಟೇಜ್ ಕೇಬಲ್‌ಗಳು ಪ್ರಾಣಾಪಾಯಕಾರಿಯಾದ್ದರಿಂದ, ತರಬೇತಿ ಪಡೆದ ತಂತ್ರಜ್ಞರ ಹೊರತು ಬೇರೆಯವರು ಅವುಗಳನ್ನು ಮುಟ್ಟಬಾರದು.