ಐನೂರು ಆಲ್ಬಂ, ಒಂದು ಕ್ಯಾಸೆಟ್

ಮೂರನೇ ಸೆಮಿಸ್ಟರ್‌ನಲ್ಲಿ ನಾನೊಂದು ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೆ. ಅಪ್ಪ ನೋಡಿದ್ದರೆ ಮಗ ಕೊನೆಗೂ ಓದೋಕೆ ಟೈಮ್‌ಟೇಬಲ್ ಹಾಕಿಕೊಂಡ ಅಂತ ಖುಷಿಪಡುತ್ತಿದ್ದರೇನೋ. ಆದರೆ ಅದರಲ್ಲಿದ್ದದ್ದು ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2020ರಲ್ಲಿ ಪ್ರಕಟಿಸಿದ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಂಗಳ ಪಟ್ಟಿ. ಎಡಗಡೆ ಸ್ಥಾನ, ನಡುವೆ ಹೆಸರು, ಬಲಗಡೆ ಕೇಳಿ ಮುಗಿಸಿದ್ದಕ್ಕೆ ಒಂದು ಟಿಕ್. ಮೆಸ್ಸಿನಲ್ಲಿ ಊಟ ಮುಗಿಸಿ ಬಂದು ಇಯರ್‌ಫೋನ್ ಹಾಕಿಕೊಂಡರೆ ದಿನಕ್ಕೊಂದು ಆಲ್ಬಂ. ಮ್ಯಾಥ್ಸ್‌ಗೂ ನಾನು ಇಷ್ಟು ಶಿಸ್ತು ತೋರಿಸಿದವನಲ್ಲ.

ಈ ಹುಚ್ಚು ಹತ್ತಿದ್ದಕ್ಕೆ ಕಾರಣ ಇದೆ. ಮೊದಲ ವರ್ಷ ಕಾಲೇಜು ಫೆಸ್ಟ್‌ಗೆ ಹಾಡುವವರ ಆಯ್ಕೆ ನಡೀತಿತ್ತು. ಸೀನಿಯರ್ ಒಬ್ಬರು ‘ನಿನ್ನ ಫೇವರಿಟ್ ಆಲ್ಬಂ ಯಾವ್ದು?’ ಅಂದರು. ನಾನು ತಿಪಟೂರು ಕಡೆಯವನು. ನಮ್ಮೂರ ಬಸ್ಸಿನಲ್ಲಿ, ಆಟೋದಲ್ಲಿ, ಮದುವೆ ಮನೆಯ ಮೈಕಿನಲ್ಲಿ ಕೇಳುತ್ತಲೇ ಬೆಳೆದದ್ದನ್ನು ಹೇಳಿದೆ. ‘ಮುಂಗಾರು ಮಳೆ’. ಅಲ್ಲಿದ್ದವರೆಲ್ಲ ನಕ್ಕರು. ‘ಆಲ್ಬಂ ಕೇಳಿದ್ದು ಗುರು, ಪಿಚ್ಚರ್ ಅಲ್ಲ’ ಅಂದರು. ನಾನೂ ಅವರ ಜೊತೆ ನಕ್ಕೆ. ಹಾಸ್ಟೆಲ್‌ಗೆ ವಾಪಸ್ ಬರೋ ಹೊತ್ತಿಗೆ ಆ ನಗು ಹೊಟ್ಟೆಯೊಳಗೆ ಉರಿಯೋಕೆ ಶುರುವಾಗಿತ್ತು. ಹಾಗಾದರೆ ಒಳ್ಳೆಯ ಆಲ್ಬಂ ಅಂದರೆ ಯಾವುದು, ಯಾರು ಹೇಳುತ್ತಾರೆ ಅಂತ ಹುಡುಕಿದಾಗ ಸಿಕ್ಕಿದ್ದೇ ಈ ಪಟ್ಟಿ. ದೊಡ್ಡ ದೊಡ್ಡ ವಿಮರ್ಶಕರು ಕೂತು ಅಳೆದು ತೂಗಿ ಮಾಡಿರುತ್ತಾರೆ, ಅದೇ ಸಿಲಬಸ್ ಅಂದುಕೊಂಡುಬಿಟ್ಟೆ.

ಆ ಸಿಲಬಸ್ಸೂ ಬದಲಾಗುತ್ತದೆ ಅಂತ ತೋರಿಸಿಕೊಟ್ಟವನು ನನ್ನ ರೂಂಮೇಟ್. ಮಂಗಳೂರಿನವನು, ಮೆಟಲ್ ಬಿಟ್ಟು ಬೇರೇನೂ ಕೇಳದವನು. ಇದೇ ಪತ್ರಿಕೆ ಇದೇ ಹೆಸರಿನ ಪಟ್ಟಿಯನ್ನು 2003ರಲ್ಲೂ ಮಾಡಿತ್ತು. ಆಗ ಮೊದಲ ಸ್ಥಾನ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ಗೆ. ಮೊದಲ ಹತ್ತರಲ್ಲಿ ನಾಲ್ಕು ಬೀಟಲ್ಸ್ ತಂಡದವೇ! 2020ರಲ್ಲಿ ಆ ಆಲ್ಬಂ 24ನೇ ಸ್ಥಾನಕ್ಕೆ ಇಳಿದಿತ್ತು. ಆರನೆಯದಾಗಿದ್ದ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಮೊದಲನೆಯದಾಗಿತ್ತು. ಜೋನಿ ಮಿಚೆಲ್ ಅವರ ‘ಬ್ಲೂ’ 30ರಿಂದ 3ಕ್ಕೆ ಏರಿತ್ತು. ಲಾರಿನ್ ಹಿಲ್ ಅವರ 1998ರ ಆಲ್ಬಂ ಅಂತೂ 312ನೇ ಸ್ಥಾನದಿಂದ ನೇರ ಹತ್ತಕ್ಕೆ.

‘ಎಂತ ಮಾರಾಯ, ಅದೇ ಹಾಡು, ಅದೇ ಪ್ಲೇಟು. ಹದಿನೇಳು ವರ್ಷದಲ್ಲಿ ಇಪ್ಪತ್ತಮೂರು ಸ್ಥಾನ ಕೆಳಗೆ ಬಿದ್ದದ್ದು ಹೇಗೆ?’ ಅಂತ ಅವನ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಲ್ಯಾಬ್‌ನಲ್ಲಿ ಅದೇ ರೆಸಿಸ್ಟರ್ ಎರಡು ಸಲ ಅಳೆದಾಗ ಬೇರೆ ಬೇರೆ ರೀಡಿಂಗ್ ಬಂದರೆ ಮೊದಲು ಅನುಮಾನ ಪಡೋದು ಮೀಟರ್ ಮೇಲೆ. ಸರಿ, ಮೀಟರನ್ನೇ ಬಿಚ್ಚಿ ನೋಡೋಣ ಅಂತ ಕೂತೆವು.

ಬದಲಾಗಿದ್ದು ವೋಟು ಹಾಕಿದವರು. 2003ರಲ್ಲಿ ಕೇಳಿದ್ದು 273 ಜನರನ್ನು, ಅವರಲ್ಲಿ ಬಹುಪಾಲು ರಾಕ್ ಸಂಗೀತದ ಲೋಕದವರು. ಆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಆಲ್ಬಂಗಳು ಅರವತ್ತು, ಎಪ್ಪತ್ತರ ದಶಕದವೇ ಆಗಿದ್ದವು. 2020ರಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿಗೆ ತಲಾ 50 ಆಲ್ಬಂ ಬರೆದುಕೊಡಿ ಅಂದರು. ಆ ಗುಂಪಿನಲ್ಲಿ ಬಿಯಾನ್ಸೆ, ಟೇಲರ್ ಸ್ವಿಫ್ಟ್, ಬಿಲ್ಲಿ ಐಲಿಶ್ ಇದ್ದರು. ಮೇಲಿನ ಸ್ಥಾನಕ್ಕೆ ಹೆಚ್ಚು ಅಂಕ, ಕೆಳಗಿನದಕ್ಕೆ ಕಡಿಮೆ, ಎಲ್ಲ ಕೂಡಿಸಿ ಸಾಲಾಗಿ ನಿಲ್ಲಿಸಿದ್ದಷ್ಟೇ ಪತ್ರಿಕೆಯ ಕೆಲಸ. ಯಾರೂ ದುಂಡು ಮೇಜಿನ ಸುತ್ತ ಕೂತು ಚರ್ಚೆ ಮಾಡಿ ತೀರ್ಪು ಕೊಟ್ಟಿರಲಿಲ್ಲ. ಹಾಗಂತ ಮಾರ್ವಿನ್ ಗೇ ಮೊದಲ ಸ್ಥಾನಕ್ಕೆ ಬಂದದ್ದು ಈ ಕಾಲದ ಫ್ಯಾಷನ್ ಅನ್ನುವವರಿಗೂ ಒಂದು ಉತ್ತರ ಇದೆ. ಇಂಗ್ಲೆಂಡಿನ ‘ಎನ್‌ಎಂಇ’ 1985ರಲ್ಲೇ ಅವರನ್ನು ಮೊದಲ ಸ್ಥಾನದಲ್ಲಿ ಕೂರಿಸಿತ್ತು. ಅದೇ ಎನ್‌ಎಂಇ 2013ರಲ್ಲಿ ಆ ಕುರ್ಚಿಯನ್ನು ದಿ ಸ್ಮಿತ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು.

ಇನ್ನು ವಿಮರ್ಶಕರ ಕಥೆ. ಲೆಡ್ ಜೆಪೆಲಿನ್ ತಂಡದ ಮೊದಲ ಆಲ್ಬಂ ಬಂದಾಗ, 1969ರಲ್ಲಿ, ರೋಲಿಂಗ್ ಸ್ಟೋನ್ ಅದನ್ನು ಚೆನ್ನಾಗಿ ಝಾಡಿಸಿತ್ತು. 2003ರ ಪಟ್ಟಿಯಲ್ಲಿ ಅದೇ ಆಲ್ಬಂ 29ನೇ ಸ್ಥಾನದಲ್ಲಿತ್ತು. ಇದು ಗೊತ್ತಾದ ದಿನ ನನ್ನ ರೂಂಮೇಟ್‌ಗೆ ಕಪ್ ಗೆದ್ದಷ್ಟು ಸಂತೋಷ.

‘ನಾವೇ ಮಾಡಿ ನೋಡುವ’ ಅಂತ ಹೊರಟಿದ್ದು ಅವನೇ. ಇಂಟರ್ನಲ್ಸ್ ಮುಗಿದ ಸಂಜೆ ನಮ್ಮ ಕಾರಿಡಾರಿನ ಎಂಟು ಜನ ಸೇರಿದೆವು. ತಲಾ ಹತ್ತು ಆಲ್ಬಂ, ಯಾವ ಭಾಷೆಯಾದರೂ ಆಯಿತು, ಯಾವ ಬಗೆಯ ಸಂಗೀತವಾದರೂ ಆಯಿತು. ಮೊದಲ ಸ್ಥಾನಕ್ಕೆ ಹತ್ತು ಅಂಕ, ಕೊನೆಯದಕ್ಕೆ ಒಂದು. ಸಿನಿಮಾ ಹಾಡುಗಳನ್ನು ಆಲ್ಬಂ ಅನ್ನಬಹುದೇ ಎಂಬ ಪ್ರಶ್ನೆಗೇ ಅರ್ಧ ಗಂಟೆ ಹೋಯಿತು. 2020ರ ಪಟ್ಟಿಯ ಎಂಟನೇ ಸ್ಥಾನದಲ್ಲಿರುವ ಪ್ರಿನ್ಸ್ ಅವರ ‘ಪರ್ಪಲ್ ರೇನ್’ ಕೂಡ ಸಿನಿಮಾ ಹಾಡುಗಳೇ, ಅದೇ ಹೆಸರಿನ 1984ರ ಸಿನಿಮಾದ್ದು ಅಂತ ನಾನು ಹೇಳಿದ ಮೇಲೆ ಒಪ್ಪಿದರು. (ಆ ಸೀನಿಯರ್‌ಗೆ ಕೊಡಬೇಕಿದ್ದ ಉತ್ತರ ಇದು. ಒಂದು ವರ್ಷ ತಡವಾಗಿ ಹೊಳೆಯಿತು.)

ಚೀಟಿಗಳನ್ನು ಕೂಡಿಸಿದರೆ ಗೆದ್ದಿದ್ದು ಯಾರು ಗೊತ್ತಾ? ‘ಮುಂಗಾರು ಮಳೆ’! 33 ಅಂಕ. ಆದರೆ ಒಬ್ಬರೂ ಅದನ್ನು ಮೊದಲ ಸ್ಥಾನಕ್ಕೆ ಬರೆದಿರಲಿಲ್ಲ. ಐದು ಚೀಟಿಗಳಲ್ಲಿ ಮೂರು, ನಾಲ್ಕು, ನಾಲ್ಕು, ಐದು, ಆರು ಹೀಗೆ ನಡುವೆ ಕೂತಿತ್ತು. ಮೆಟಾಲಿಕಾ ತಂಡದ ‘ಮಾಸ್ಟರ್ ಆಫ್ ಪಪೆಟ್ಸ್’ಗೆ ಇಬ್ಬರು ಮೊದಲ ಸ್ಥಾನ ಕೊಟ್ಟಿದ್ದರೂ ಉಳಿದವರು ಹೆಚ್ಚು ಕೈ ಹಿಡಿಯದೆ 24ಕ್ಕೆ ನಿಂತಿತು. ಮೊದಲ ಸ್ಥಾನಗಳನ್ನು ಮಾತ್ರ ಎಣಿಸಿದ್ದರೆ ಮೆಟಾಲಿಕಾ ಗೆಲ್ಲುತ್ತಿತ್ತು, ‘ಮುಂಗಾರು ಮಳೆ’ಗೆ ಸೊನ್ನೆ. ಚೀಟಿ ಅವೇ, ಎಣಿಸುವ ರೀತಿ ಬೇರೆ, ಗೆದ್ದವರು ಬೇರೆ. ಹೀಗೆ ಸ್ಥಾನಕ್ಕೆ ಅಂಕ ಕೊಡುವ ಪದ್ಧತಿಗೆ ಹದಿನೆಂಟನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾ ಅವರ ಹೆಸರಿದೆ. ಆಯ್ಕೆ ಮೂರು ಅಥವಾ ಹೆಚ್ಚಿದ್ದಾಗ, ನ್ಯಾಯ ಅನ್ನಿಸುವ ಕೆಲವೇ ಷರತ್ತುಗಳನ್ನು ಒಟ್ಟಿಗೆ ಪಾಲಿಸುವಂಥ ಕ್ರಮಾಂಕದ ಪದ್ಧತಿ ಯಾವುದೂ ಇರಲು ಸಾಧ್ಯವಿಲ್ಲ ಅಂತ ಕೆನೆತ್ ಆ್ಯರೋ 1951ರಲ್ಲೇ ಗಣಿತದಿಂದ ಸಾಧಿಸಿ ತೋರಿಸಿದ್ದಾರೆ. ನಮ್ಮ ಸಿಲಬಸ್‌ನಲ್ಲಿ ಇದಿಲ್ಲ. ಇದ್ದಿದ್ದರೆ ಓದುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಇಲ್ಲಿ ಒಂದು ತಪ್ಪೊಪ್ಪಿಗೆ. ಆ ನಾಲ್ಕನೇ ಸ್ಥಾನಗಳಲ್ಲಿ ಒಂದು ನನ್ನದು. ನನ್ನ ಮೊದಲ ಸ್ಥಾನ ಮಾರ್ವಿನ್ ಗೇ ಅವರಿಗೆ ಹೋಗಿತ್ತು. ಆ ಆಲ್ಬಂ ನನಗೆ ಇಷ್ಟ, ಸುಳ್ಳಲ್ಲ. ಆದರೆ ಕೈ ಮೊದಲು ಬರೆಯಲು ಹೋದದ್ದು ಬೇರೆ ಹೆಸರನ್ನು. ಪಕ್ಕದಲ್ಲಿ ಕೂತವನು ನೋಡುತ್ತಾನೆ ಅಂತ ತಡೆದೆ. ಫಲಿತಾಂಶ ಓದಿ ಮುಗಿದ ಮೇಲೆ ಇದನ್ನು ಹೇಳಿಬಿಟ್ಟೆ. ಒಂದು ಕ್ಷಣ ಸುಮ್ಮನಿದ್ದು ಇನ್ನಿಬ್ಬರು ‘ನಂದೂ ಅದೇ ಕಥೆ’ ಅಂದರು. ಮೂವರೂ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದರೆ ಮೊದಲ ಸ್ಥಾನಗಳ ಎಣಿಕೆಯಲ್ಲೂ ‘ಮುಂಗಾರು ಮಳೆ’ಯೇ ಗೆಲ್ಲುತ್ತಿತ್ತು, ಮೂರಕ್ಕೆ ಎರಡರಂತೆ. ಆ ಮುನ್ನೂರು ಜನ ದೊಡ್ಡವರಲ್ಲಿ ಎಷ್ಟು ಮಂದಿ ಪಕ್ಕದವನು ನೋಡುತ್ತಾನೆಂದು ಬೀಟಲ್ಸ್ ಹೆಸರನ್ನೋ ಇನ್ನೊಂದನ್ನೋ ಬರೆದಿರಬಹುದು ಅಂತ ನನಗೆ ಅಂದಿನಿಂದ ಕುತೂಹಲ.

ಧಾರವಾಡದ ಗೆಳೆಯನ ಚೀಟಿ ಮಾತ್ರ ಯಾರದ್ದರ ಹಾಗೂ ಇರಲಿಲ್ಲ. ಒಂದನೇ ನಂಬರಿನ ಮುಂದೆ ‘ಮನ್ಸೂರರ ಕ್ಯಾಸೆಟ್, ಎ ಸೈಡ್’ ಅಂತ ಬರೆದಿದ್ದ.

‘ಆಲ್ಬಂ ಹೆಸರು ಹೇಳೋ’ ಅಂದೆ.

‘ಹೆಸರ ಇಲ್ಲಲೇ. ಲೇಬಲ್ ಹರದು ಹೋಗೇತಿ. ಮುಂಜಾನಿ ಚಾ ಕುಡಿಯೂಮುಂದ ನಮ್ಮಪ್ಪ ಹಚ್ಚತಾನ’ ಅಂದ.

ಅದಕ್ಕೆ ಹತ್ತು ಅಂಕ ಸಿಕ್ಕಿತು. ಬೇರೆ ಯಾರ ಚೀಟಿಯಲ್ಲೂ ಇಲ್ಲದ್ದರಿಂದ ಹತ್ತಕ್ಕೇ ನಿಂತು, ಎಲ್ಲೋ ಕೆಳಗೆ ಕಾಣೆಯಾಯಿತು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನನಗೇ ಯಾಕೋ ಸರಿ ಅನ್ನಿಸಲಿಲ್ಲ.

ಎಲ್ಲ ಬಗೆಯ ಸಂಗೀತವನ್ನೂ ಒಂದೇ ಪಟ್ಟಿಗೆ ತುಂಬಲು ಹೊರಟಾಗ ಆಗುವುದು ಇದೇ. ರೋಲಿಂಗ್ ಸ್ಟೋನ್ ಪಟ್ಟಿಗಳಲ್ಲಿ ಜಾಝ್ ಸಂಗೀತಕ್ಕೆ ಸಿಕ್ಕ ಅತ್ಯುನ್ನತ ಸ್ಥಾನ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ಗೆ. 2003ರಲ್ಲಿ 12, 2020ರಲ್ಲಿ 31. ಜಾಝ್ ಹೆಚ್ಚು ಕೇಳದವರಿಗೂ ಗೊತ್ತಿರುವ ಆಲ್ಬಂ ಅದು, ಹಾಗಾಗಿ ಹಲವು ಚೀಟಿಗಳಲ್ಲಿ ಬರುತ್ತದೆ. ಜಾಝನ್ನೇ ಉಸಿರಾಡುವ ಒಬ್ಬನು ಯಾವುದೋ ಅಪರೂಪದ ಧ್ವನಿಮುದ್ರಣಕ್ಕೆ ಮೊದಲ ಸ್ಥಾನ ಕೊಟ್ಟರೆ, ಅದರ ಗತಿ ನಮ್ಮ ಧಾರವಾಡದ ಕ್ಯಾಸೆಟ್‌ನ ಗತಿಯೇ.

ಅದಕ್ಕಿಂತ ಮೊದಲಿನ ತೊಡಕು ‘ಆಲ್ಬಂ’ ಎಂಬ ಅಳತೆಯಲ್ಲೇ ಇದೆ. ಒಂದೊಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಸುವ ಲಾಂಗ್ ಪ್ಲೇ ರೆಕಾರ್ಡನ್ನು ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದದ್ದು 1948ರಲ್ಲಿ. ಅದಕ್ಕೂ ಮುಂಚಿನ 78 ವೇಗದ ಪ್ಲೇಟಿನಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷದಷ್ಟು. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಹಾಡಿದ್ದು 1936-37ರಲ್ಲಿ, ತೀರಿಕೊಂಡದ್ದು 1938ರಲ್ಲಿ. ತನ್ನ ಜೀವನದಲ್ಲಿ ಆತ ಒಂದು ಆಲ್ಬಂ ಕೂಡ ಮಾಡಲಿಲ್ಲ. ಎಷ್ಟೋ ವರ್ಷಗಳ ನಂತರ ಯಾರೋ ಹಾಡುಗಳನ್ನು ಒಟ್ಟು ಮಾಡಿದ್ದರಿಂದ ಪಟ್ಟಿಯೊಳಗೆ ಬಂದ. ಮಲ್ಲಿಕಾರ್ಜುನ ಮನ್ಸೂರರೂ ಧ್ವನಿಮುದ್ರಣ ಶುರು ಮಾಡಿದ್ದು ಆ ಮೂರು ನಿಮಿಷದ ಪ್ಲೇಟುಗಳ ಕಾಲದಲ್ಲೇ. ಗಂಟೆಗಟ್ಟಲೆ ಬೆಳೆಯುವ ರಾಗ, ಪ್ರತಿ ಸಲ ಬೇರೆಯಾಗಿ ಹುಟ್ಟುವ ರಾಗ. ಅದರಲ್ಲಿ ಯಾವ ಸಂಜೆಯದನ್ನು ‘ಆಲ್ಬಂ’ ಅಂತ ಬರೆಯೋದು?

ಇಷ್ಟೆಲ್ಲ ಹೇಳಿದ ಮೇಲೆ ‘ಹಾಗಾದರೆ ಪಟ್ಟಿ ಹರಿದು ಹಾಕು’ ಅಂತ ರೂಂಮೇಟ್ ಅಂದ. ಅಲ್ಲೇ ನಮ್ಮಿಬ್ಬರಿಗೆ ನಿಜವಾದ ಜಗಳ ಆದದ್ದು. ಎರಡು ದಿನ ಮಾತು ಬಿಟ್ಟಿದ್ದೆವು.

ನನ್ನ ವಾದ ಇಷ್ಟೇ. ಫೋನಿನಲ್ಲಿರುವ ಆ್ಯಪ್‌ಗೆ ನಾನು ಏನು ಕೇಳುತ್ತೇನೆ ಅನ್ನೋದು ಮಾತ್ರ ಗೊತ್ತು. ‘ಮುಂಗಾರು ಮಳೆ’ ಹಾಕಿದರೆ ಅದರ ಹಿಂದೆ ‘ಗಾಳಿಪಟ’ ತರುತ್ತದೆ, ಅದರ ಹಿಂದೆ ಅಂಥದ್ದೇ ಇನ್ನೊಂದು. ಹುಟ್ಟಿದ ಬೀದಿಯಲ್ಲೇ ಸುತ್ತಿಸುತ್ತದೆ. ಡೆಟ್ರಾಯಿಟ್ ನಗರದಲ್ಲಿ 1971ರಲ್ಲಿ ಒಬ್ಬ ಗಾಯಕ ವಿಯೆಟ್ನಾಂ ಯುದ್ಧದಿಂದ ಮರಳಿದ ತಮ್ಮನ ಕಣ್ಣಿನಿಂದ ತನ್ನ ಊರನ್ನು ನೋಡಿ ಹಾಡಿದ್ದನ್ನು ಅದು ನನಗೆ ಯಾವತ್ತೂ ಕೊಡುತ್ತಿರಲಿಲ್ಲ. ರಾತ್ರಿ ಒಂದು ಗಂಟೆಗೆ ಮೊದಲ ಸಲ ಆ ಆಲ್ಬಂ ಹಾಕಿದಾಗ, ಶುರುವಿನಲ್ಲಿ ಜನ ಗುಂಪು ಕೂಡಿ ಹರಟುವ ಸದ್ದು ಬಂತು. ಪಕ್ಕದ ರೂಮಿನವರು ಎದ್ದಿದ್ದಾರೆ ಅಂದುಕೊಂಡು ಇಯರ್‌ಫೋನ್ ತೆಗೆದು ನೋಡಿದೆ. ಕಾರಿಡಾರ್ ಖಾಲಿ. ಮತ್ತೆ ಹಾಕಿಕೊಂಡೆ, ಸ್ಯಾಕ್ಸೊಫೋನ್ ಬಂತು. ಒಂದು ಹಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. ಒಂದೊಂದೇ ಹಾಡು ಕೇಳಿ ಬೆಳೆದವನಿಗೆ ಆಲ್ಬಂ ಅಂದರೆ ಏನು ಅಂತ ತಿಳಿದದ್ದು ಆಗ. ನನ್ನ ಹುಡುಗು ಹೊಟ್ಟೆಕಿಚ್ಚಿನಿಂದಲೇ ಇರಲಿ, ಅಲ್ಲಿಗೆ ಕರೆದುಕೊಂಡು ಹೋದದ್ದು ಆ ಪಟ್ಟಿ. ಅದು ಒಂದನೆಯದೋ ಆರನೆಯದೋ ಅನ್ನೋದರ ಬಗ್ಗೆ ನನಗೀಗ ತಕರಾರಿಲ್ಲ. ಪಟ್ಟಿಯಲ್ಲಿ ಇಲ್ಲದೇ ಹೋಗಿದ್ದರೆ ನನಗೆ ಸಿಗುತ್ತಿರಲಿಲ್ಲ, ನನಗೆ ಭಯ ಇರೋದು ಅದರ ಬಗ್ಗೆ.

ಅದಕ್ಕೇ ದಸರಾ ರಜೆಗೆ ಊರಿಗೆ ಹೊರಟ ಧಾರವಾಡದವನಿಗೆ ಆ ಕ್ಯಾಸೆಟ್ ತರಲು ಹೇಳಿದೆ. ‘ಅಪ್ಪಗ ಕೇಳಿ ನೋಡ್ತೀನಿ’ ಅಂದ. ಎರಡು ಟವೆಲ್ ಸುತ್ತಿ ತಂದ. ಹಾಕಿ ಕೇಳೋಕೆ ಹಾಸ್ಟೆಲ್‌ನಲ್ಲಿ ಪ್ಲೇಯರ್ ಇಲ್ಲ! ಕೊನೆಗೆ ಮೆಸ್ಸಿನ ಭಟ್ಟರ ಹಳೇ ಟೂ-ಇನ್-ಒನ್ ಸಿಕ್ಕಿತು. ಮೊದಲು ಹಾಕಿದಾಗ ಸ್ವರ ಎಳೆದೆಳೆದು ನಿಧಾನವಾಗಿ ಬಂತು, ಒಳಗಿನ ಬೆಲ್ಟ್ ಸಡಿಲವಾಗಿತ್ತು. ನಾಲ್ಕು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಒಂದು ರಬ್ಬರ್ ಬೆಲ್ಟ್ ಬದಲಿಸಲು ಒಂದೂವರೆ ಗಂಟೆ ತೆಗೆದುಕೊಂಡೆವು.

ಆಮೇಲೆ ಸರಿಯಾಗಿ ಹಾಡಿತು. ಶುರುವಿನಲ್ಲಿ ಒಬ್ಬ ಹೆಂಗಸಿನ ದನಿ, ಅರ್ಧ ವಾಕ್ಯ. ಅದು ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ ಅಲ್ಲವೇ ಅಲ್ಲ. ಅವನಪ್ಪ ಯಾವತ್ತೋ ಧಾರವಾಡ ಆಕಾಶವಾಣಿಯಿಂದ ರೆಕಾರ್ಡ್ ಮಾಡಿಕೊಂಡದ್ದು, ಗುಂಡಿ ಒತ್ತುವ ಹೊತ್ತಿಗೆ ಉದ್ಘೋಷಕಿಯ ಮಾತು ಅರ್ಧ ಮುಗಿದಿತ್ತು. ರಾಗದ ಹೆಸರು ಅದಕ್ಕೂ ಮುಂಚೆ ಹೇಳಿಬಿಟ್ಟಿದ್ದರೇನೋ. ನಮಗೆ ಗೊತ್ತಾಗಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ನಡುವೆ ಒಂದು ಕಡೆ, ಹಾಡಿನ ಹಿಂದೆ, ಕುಕ್ಕರ್ ಕೂಗಿದ್ದು ಕೇಳಿಸಿತು. ‘ನಮ್ಮವ್ವ’ ಅಂದ.

ಅರ್ಧ ಗಂಟೆಗೆ ಟೇಪು ಟಕ್ ಅಂತ ನಿಂತಿತು. ಭಟ್ಟರು ಬೆಳಗಿನ ಇಡ್ಲಿ ಹಿಟ್ಟು ನೋಡಲು ಎದ್ದು ಹೋದರು. ರೂಂಮೇಟ್ ಕ್ಯಾಸೆಟ್ ಹೊರಗೆ ತೆಗೆದು, ತಿರುಗಿಸಿ ನೋಡಿ, ‘ಈ ಬದಿಯಲ್ಲಿ ಎಂತ ಉಂಟು?’ ಅಂದ.